ಮುಲುಂಡ್ ಸೊಸೈಟಿಯ ಮರುಅಭಿವೃದ್ಧಿ: ಎರಡು ಕಾರ್ಯಸಾಧ್ಯತಾ ವರದಿಗಳ ನಡುವೆ ಇಷ್ಟೊಂದು ಅಂತರವೇಕೆ?

ಪ್ರಶ್ನೆ: ಸೊಸೈಟಿ ಕಾರ್ಯದರ್ಶಿ, ಮುಲುಂಡ್ ಪೂರ್ವ

ಎಲ್ಲರಿಗೂ ನಮಸ್ಕಾರ. ಮುಂಬೈನ ಮುಲುಂಡ್ ಪೂರ್ವದಲ್ಲಿರುವ ನಮ್ಮ ಗೃಹನಿರ್ಮಾಣ ಸಹಕಾರಿ ಸಂಘದಲ್ಲಿ 20 ಮನೆಗಳಿವೆ. ಕಟ್ಟಡಕ್ಕೆ ನಲವತ್ತು ವರ್ಷ ದಾಟಿದೆ, ಲಿಫ್ಟ್ ಇಲ್ಲ, ಮಳೆಗಾಲದಲ್ಲಿ ಮೇಲಿನ ಮಹಡಿಯವರ ಮನೆಗಳು ಸೋರುತ್ತವೆ, ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಹಿರಿಯ ನಾಗರಿಕರು. ಆದ್ದರಿಂದ ಮರುಅಭಿವೃದ್ಧಿ (ಹಳೆಯ ಕಟ್ಟಡ ಕೆಡವಿ ಹೊಸದನ್ನು ಕಟ್ಟಿಸುವುದು) ಬೇಕು ಎಂಬ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯವಿಲ್ಲ. ನಿವೇಶನ 1,000 ಚದರ ಮೀಟರ್, ಈಗಿನ ಅಧಿಕೃತ ಕಟ್ಟಡ ವಿಸ್ತೀರ್ಣವೂ ಹೆಚ್ಚುಕಡಿಮೆ ಅಷ್ಟೇ. ಪ್ರತಿ ಮನೆಯ ಕಾರ್ಪೆಟ್ (ಮನೆಯೊಳಗೆ ಬಳಸಲು ಸಿಗುವ ವಿಸ್ತೀರ್ಣ) 42 ಚದರ ಮೀಟರ್, ಅಂದರೆ ಸುಮಾರು 452 ಚದರ ಅಡಿ. ಎದುರಿನ ರಸ್ತೆ 44 ಅಡಿಯದ್ದೆಂದು ಹಿಂದಿನಿಂದಲೂ ಹೇಳಿಕೊಂಡು ಬಂದಿದ್ದೇವೆ. ಕನ್ವೆಯನ್ಸ್ (ಜಮೀನಿನ ಒಡೆತನದ ವರ್ಗಾವಣೆ) ಆಗಿದ್ದು ಪ್ರಾಪರ್ಟಿ ಕಾರ್ಡ್‌ನಲ್ಲಿ ಸಂಘದ ಹೆಸರೇ ಇದೆ.

ಸಮಸ್ಯೆ ಎದ್ದಿರುವುದು ಕಾರ್ಯಸಾಧ್ಯತಾ ವರದಿಯಲ್ಲಿ. ಒಬ್ಬ ಬಿಲ್ಡರ್ ತಮ್ಮ ಪರಿಚಯದ ಸಲಹೆಗಾರರಿಂದ ಮಾಡಿಸಿಕೊಟ್ಟ ಮೊದಲ ವರದಿಯು ಪ್ರತಿ ಸದಸ್ಯರಿಗೆ ಶೇ. 46ರಷ್ಟು ಹೆಚ್ಚುವರಿ ಕಾರ್ಪೆಟ್ ಕೊಡಬಹುದು ಎನ್ನುತ್ತದೆ. ಸಂಘವೇ ಶುಲ್ಕ ಕೊಟ್ಟು ಬೇರೊಬ್ಬ ಆರ್ಕಿಟೆಕ್ಟ್ ಅವರಿಂದ ಮಾಡಿಸಿದ ಎರಡನೆಯ ವರದಿ ಶೇ. 22ಕ್ಕೆ ನಿಲ್ಲುತ್ತದೆ. ನಿವೇಶನ ಒಂದೇ, ನಿಯಮ ಒಂದೇ, ಎರಡೂ ವರದಿಗಳಲ್ಲಿ ತೋರಿಸಿರುವ ಒಟ್ಟು ಎಫ್‌ಎಸ್‌ಐ (ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂಬ ಮಿತಿ) ಕೂಡ ಒಂದೇ. ಹೀಗಿರುವಾಗ ಒಂದು ಮನೆಗೆ ನೂರು ಚದರ ಅಡಿಗೂ ಹೆಚ್ಚಿನ ವ್ಯತ್ಯಾಸ ಎಲ್ಲಿಂದ ಬಂತು ಎಂದು ಸದಸ್ಯರು ಕೇಳುತ್ತಿದ್ದಾರೆ. ಎರಡನೆಯ ವರದಿ ಮಾಡಿಸಿದ ಸಮಿತಿಯ ಮೇಲೆ ಕೆಲವರಿಗೆ ಅನುಮಾನವೂ ಮೂಡಿದೆ. ಪುಣೆಯಲ್ಲಿ ತಮ್ಮ ಸಂಬಂಧಿಕರಿಗೆ ಇದಕ್ಕಿಂತ ಹೆಚ್ಚು ಸಿಕ್ಕಿದೆ ಎಂದು ಒಬ್ಬ ಸದಸ್ಯರು ಪ್ರತಿ ಸಭೆಯಲ್ಲೂ ಹೇಳುತ್ತಾರೆ.

ಇಂಥ ವರದಿಯನ್ನು ಓದುವ ಬಗೆ ಯಾವುದು? ಪ್ರತ್ಯೇಕವಾಗಿ ಆಸ್ತಿಯ ಮೌಲ್ಯಮಾಪನವನ್ನೂ ಮಾಡಿಸಬೇಕೆ, ಅಥವಾ ಈ ವರದಿಯೇ ಸಾಕೆ? ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1: ನೋಂದಾಯಿತ ಮೌಲ್ಯಮಾಪಕ, ಥಾಣೆ

ಕಾರ್ಯದರ್ಶಿಯವರೇ, ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಮೌಲ್ಯಮಾಪನ ಮತ್ತು ಕಾರ್ಯಸಾಧ್ಯತಾ ಅಧ್ಯಯನ ಎರಡು ಬೇರೆ ಕೆಲಸಗಳು. ಒಂದು ನಿರ್ದಿಷ್ಟ ದಿನಾಂಕದಂದು ನಿಮ್ಮ ಆಸ್ತಿಗೆ ಮಾರುಕಟ್ಟೆಯಲ್ಲಿ ಎಷ್ಟು ಬೆಲೆ ಬರುತ್ತದೆ ಎಂಬುದನ್ನು ಮೌಲ್ಯಮಾಪನ ಹೇಳುತ್ತದೆ. ಆ ಆಸ್ತಿಯ ಮೇಲೆ ಒಂದು ನಿರ್ದಿಷ್ಟ ಯೋಜನೆಯನ್ನು ಕೈಗೊಂಡರೆ ಖರ್ಚು ಕಳೆದು ಲಾಭ ಉಳಿಯುತ್ತದೆಯೇ, ಉಳಿದರೆ ಅದು ಯಾರ ಪಾಲಿಗೆ ಎಷ್ಟು ಎಂಬುದನ್ನು ಕಾರ್ಯಸಾಧ್ಯತಾ ಅಧ್ಯಯನ ಹೇಳುತ್ತದೆ. ಇವೆರಡನ್ನೂ ಜೋಡಿಸುವ ಕೊಂಡಿಗೆ ನಮ್ಮ ವೃತ್ತಿಯಲ್ಲಿ ರೆಸಿಡ್ಯುಯಲ್ ವಿಧಾನ ಎನ್ನುತ್ತೇವೆ: ಹೊಸ ಮನೆಗಳನ್ನು ಮಾರಿದರೆ ಬರುವ ಒಟ್ಟು ಹಣದಿಂದ ನಿರ್ಮಾಣ ವೆಚ್ಚ, ಪಾಲಿಕೆಯ ಶುಲ್ಕಗಳು, ಬಡ್ಡಿ, ತೆರಿಗೆ ಮತ್ತು ಡೆವಲಪರ್‌ನ ನ್ಯಾಯಯುತ ಲಾಭವನ್ನು ಕಳೆದಾಗ ಉಳಿಯುವುದೇ ಜಮೀನಿನ ಬೆಲೆ. ಮರುಅಭಿವೃದ್ಧಿಯಲ್ಲಿ ಸಂಘಕ್ಕೆ ಆ ಬೆಲೆ ನಗದಾಗಿ ಬರುವುದಿಲ್ಲ. ಹೆಚ್ಚುವರಿ ಕಾರ್ಪೆಟ್, ಕಾರ್ಪಸ್ ನಿಧಿ (ಡೆವಲಪರ್ ಕೊಡುವ ಇಡಿಗಂಟು) ಮತ್ತು ನಿರ್ಮಾಣದ ಅವಧಿಯ ಬಾಡಿಗೆಯ ರೂಪದಲ್ಲಿ ಬರುತ್ತದೆ. ಆದ್ದರಿಂದ ಶೇಕಡಾವಾರನ್ನು ಮಾತ್ರ ನೋಡದೆ ಈ ಮೂರನ್ನೂ ರೂಪಾಯಿಗೆ ಪರಿವರ್ತಿಸಿ ಹೋಲಿಸಬೇಕು.

ಈಗ ನಿಮ್ಮದೇ ನಿವೇಶನದ ಲೆಕ್ಕವನ್ನು ಮಾಡೋಣ. ಎಫ್‌ಎಸ್‌ಐಗೆ ಸಂಬಂಧಿಸಿದ ಅಂಕಿಗಳು ಮುಂಬೈನ ಕಟ್ಟಡ ನಿಯಮಾವಳಿಯಾದ ಡಿಸಿಪಿಆರ್ 2034ರವು. ದರಗಳು ಮತ್ತು ವೆಚ್ಚಗಳು ವಿವರಣೆಗಾಗಿ ನಾನು ಹಿಡಿದುಕೊಂಡವು, ಅವುಗಳ ಜಾಗದಲ್ಲಿ ನಿಮ್ಮ ವರದಿಗಳ ಅಂಕಿಗಳನ್ನು ಹಾಕಿ ನೋಡಿ.

ಉಪನಗರದಲ್ಲಿ ಮೂಲ ಎಫ್‌ಎಸ್‌ಐ 1. ಪ್ರೀಮಿಯಂ ಎಂಬ ಶುಲ್ಕ ಕಟ್ಟಿ ಪಡೆಯುವುದು 0.50. ಟಿಡಿಆರ್ (ಬೇರೆ ಜಮೀನಿನಿಂದ ಕೊಂಡು ತರುವ ನಿರ್ಮಾಣ ಹಕ್ಕು) ಪ್ರಮಾಣ ರಸ್ತೆಯ ಅಗಲವನ್ನು ಅವಲಂಬಿಸಿದ್ದು, 9ರಿಂದ 12 ಮೀಟರ್‌ವರೆಗಿನ ರಸ್ತೆಗೆ 0.50, 12ರಿಂದ 18 ಮೀಟರ್‌ವರೆಗಿನ ರಸ್ತೆಗೆ 0.70. ನಿಮ್ಮ 44 ಅಡಿ ಎಂದರೆ 13.4 ಮೀಟರ್, ಹಾಗಾಗಿ ಒಟ್ಟು 2.2. ಇದರ ಮೇಲೆ ಶೇ. 35 ಫಂಜಿಬಲ್ ಎಂಬ ಹೆಚ್ಚುವರಿ ವಿಸ್ತೀರ್ಣ ಸೇರಿಸಿದರೆ 2,970 ಚದರ ಮೀಟರ್ ಕಟ್ಟಬಹುದು. ನಿಯಮ 33(7)(ಬಿ) ಅಡಿಯಲ್ಲಿ ಹಳೆಯ ಸೊಸೈಟಿಗಳಿಗೆ ಈಗಿನ ವಿಸ್ತೀರ್ಣದ ಶೇ. 15 ಅಥವಾ ಮನೆಯೊಂದಕ್ಕೆ 10 ಚದರ ಮೀಟರ್, ಇವೆರಡರಲ್ಲಿ ಯಾವುದು ಹೆಚ್ಚೋ ಅದು ಪ್ರೀಮಿಯಂ ಇಲ್ಲದೆ ಸಿಗುತ್ತದೆ. ನಿಮಗೆ ಅದು 200 ಚದರ ಮೀಟರ್. ಇದು 2.2ರ ಮೇಲೆ ಸೇರುವ ಹೆಚ್ಚುವರಿ ಜಾಗವೆಂದು ಅನೇಕರು ತಿಳಿಯುತ್ತಾರೆ. ನಿಮ್ಮಂಥ ಪ್ರಕರಣದಲ್ಲಿ ಅದು ಆ ಮಿತಿಯ ಒಳಗೇ ಬರುತ್ತದೆ. ಅಷ್ಟು ಜಾಗವನ್ನು ಹಣ ಕೊಟ್ಟು ಕೊಳ್ಳುವುದು ತಪ್ಪುತ್ತದೆ ಎಂಬುದೇ ಅದರ ಲಾಭ. ಅಂದರೆ ಈಗಿನ 1,000 ಮತ್ತು ಈ 200 ಬಿಟ್ಟು ಉಳಿದ 1,000 ಚದರ ಮೀಟರನ್ನು ಪ್ರೀಮಿಯಂ ಮತ್ತು ಟಿಡಿಆರ್ ಮೂಲಕ ಕೊಳ್ಳಬೇಕು.

2,970ರಲ್ಲಿ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ವ್ಯಾಖ್ಯೆಯ ಕಾರ್ಪೆಟ್ ಸುಮಾರು ಶೇ. 90 ಎಂದಿಟ್ಟುಕೊಂಡರೆ 2,673 ಚದರ ಮೀಟರ್. ಸದಸ್ಯರಿಗೆ ಶೇ. 35 ಹೆಚ್ಚು ಕೊಟ್ಟರೆ ಅವರ ಪಾಲು 1,134, ಮಾರಾಟಕ್ಕೆ ಉಳಿಯುವುದು 1,539 ಚದರ ಮೀಟರ್, ಹತ್ತಿರ ಹತ್ತಿರ 16,500 ಚದರ ಅಡಿ. ಚದರ ಅಡಿಗೆ 26,000 ರೂ. ದರದಲ್ಲಿ ಒಟ್ಟು ಆದಾಯ 42.9 ಕೋಟಿ ರೂ.

ಖರ್ಚಿನ ಕಡೆಗೆ ಬರೋಣ. ಲಾಬಿ, ಮೆಟ್ಟಿಲು, ಪಾರ್ಕಿಂಗ್ ಸೇರಿ ಸುಮಾರು 50,000 ಚದರ ಅಡಿ ನಿರ್ಮಾಣಕ್ಕೆ ಜಿಎಸ್‌ಟಿ ಸಹಿತ 4,000 ರೂ. ಹಿಡಿದರೆ 20 ಕೋಟಿ. ಪ್ರೀಮಿಯಂ, ಟಿಡಿಆರ್, ಫಂಜಿಬಲ್ ಹಾಗೂ ಪಾಲಿಕೆಯ ಇತರ ಶುಲ್ಕಗಳು 7.5 ಕೋಟಿ. ತಿಂಗಳಿಗೆ 35,000 ರೂ.ನಂತೆ 20 ಕುಟುಂಬಗಳಿಗೆ 36 ತಿಂಗಳ ಬಾಡಿಗೆ ಮತ್ತು ಸಾಗಾಟ 2.8 ಕೋಟಿ. ಕಾರ್ಪಸ್ 1.4, ಮುದ್ರಾಂಕ ಶುಲ್ಕ ಮತ್ತು ಸದಸ್ಯರ ಮನೆಗಳ ಮೇಲಿನ ತೆರಿಗೆ 2, ಮಾರಾಟ ವೆಚ್ಚ 1.7, ವೃತ್ತಿಪರರ ಶುಲ್ಕ 1, ಬಡ್ಡಿ 3.5 ಕೋಟಿ. ಒಟ್ಟು 39.9 ಕೋಟಿ. ಉಳಿಯುವುದು 3 ಕೋಟಿ, ಅಂದರೆ ಆದಾಯದ ಶೇ. 7. ಇಷ್ಟು ಅಪಾಯವಿರುವ ಕೆಲಸಕ್ಕೆ ಇಷ್ಟು ಲಾಭ ಸಾಲದು ಎಂದು ಅನುಭವಿ ಡೆವಲಪರ್ ಹೇಳಿದರೆ ಅದು ಸಹಜವೇ. ಸಾಲ ಕೊಡುವ ಬ್ಯಾಂಕೂ ಅದನ್ನೇ ಹೇಳುತ್ತದೆ.

ಈಗ ಒಂದೇ ಒಂದು ಅಂಕಿಯನ್ನು ಬದಲಿಸಿ. ಮಾರಾಟ ದರವನ್ನು 26,000ದ ಬದಲು 30,000 ಎಂದು ಬರೆದರೆ ಆದಾಯ 49.5 ಕೋಟಿಗೆ ಏರುತ್ತದೆ, ಲಾಭ 9 ಕೋಟಿ ದಾಟುತ್ತದೆ. ಒಂದು ಕಾಲಂನಲ್ಲಿ ಮಾಡಿದ ಈ ಬದಲಾವಣೆಯಿಂದ ಲಾಭ ಮೂರು ಪಟ್ಟಾಯಿತು. ಆ ಕಾಗದದ ಮೇಲಿನ ಲಾಭದಿಂದಲೇ ಸದಸ್ಯರಿಗೆ ಹೆಚ್ಚುವರಿ ಜಾಗವನ್ನು ತೋರಿಸುವುದು ಸುಲಭ. ಈ ಲೆಕ್ಕದಲ್ಲಿ ಸದಸ್ಯರಿಗೆ ಕೊಡುವ ಪ್ರತಿ ಶೇ. 1 ಹೆಚ್ಚುವರಿ ಕಾರ್ಪೆಟ್ ಎಂದರೆ ಮಾರಾಟದಿಂದ ಕಡಿತವಾಗುವ 90 ಚದರ ಅಡಿ, 26,000 ದರದಲ್ಲಿ ಸುಮಾರು 23 ಲಕ್ಷ ರೂ. ಈ ಒಂದು ಅಂಕಿಯನ್ನು ಸಮಿತಿಯ ಪ್ರತಿಯೊಬ್ಬರೂ ನೆನಪಿಟ್ಟುಕೊಳ್ಳಬೇಕು. ಯಾವ ಬೇಡಿಕೆಯನ್ನೂ ಇದರಿಂದ ತೂಗಿ ನೋಡಬಹುದು.

ನೀವು ಮೊದಲು ಮಾಡಬೇಕಾದದ್ದು ಇಷ್ಟು. ಎರಡೂ ವರದಿಗಳ ಕೊನೆಯ ಅನುಬಂಧಗಳನ್ನು ತೆರೆದು ಮಾರಾಟ ದರ ಎಷ್ಟು, ಯೋಜನೆಯ ಅವಧಿ ಎಷ್ಟು ತಿಂಗಳು, ಕಾರ್ಪೆಟ್ ಪ್ರಮಾಣ ಎಷ್ಟು, ಬಡ್ಡಿ ಎಷ್ಟು ಎಂದು ನೋಡಿ ಇಲ್ಲಿ ತಿಳಿಸಿ. ಕೂಡುವ ಕಳೆಯುವ ಲೆಕ್ಕ ಎರಡರಲ್ಲೂ ಸರಿಯಾಗಿಯೇ ಇರಬಹುದು.

ಪ್ರಶ್ನೆ ಕೇಳಿದವರಿಂದ

ಇಷ್ಟು ವಿವರವಾಗಿ ಬರೆದದ್ದಕ್ಕೆ ಕೃತಜ್ಞತೆಗಳು ಸರ್. ತಾವು ಹೇಳಿದಂತೆ ಅನುಬಂಧಗಳನ್ನು ನೋಡಿದೆ. ಮೊದಲ ವರದಿಯಲ್ಲಿ ಮಾರಾಟ ದರ 30,000 ರೂ., ಅವಧಿ 24 ತಿಂಗಳು. ಎರಡನೆಯದರಲ್ಲಿ 26,000 ರೂ. ಮತ್ತು 36 ತಿಂಗಳು. ಕಾರ್ಪೆಟ್ ಪ್ರಮಾಣ ಮತ್ತು ನಿರ್ಮಾಣ ವೆಚ್ಚದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಮೊದಲ ವರದಿಯವರು 30,000ಕ್ಕೆ ಆಧಾರವಾಗಿ ಮುಲುಂಡ್ ಪಶ್ಚಿಮದ ಎರಡು ಎತ್ತರದ ಟವರ್‌ಗಳ ಜಾಹೀರಾತು ದರವನ್ನು ಕೊಟ್ಟಿದ್ದಾರೆ. ಎರಡನೆಯವರು ನಮ್ಮ ರಸ್ತೆಯ ಸುತ್ತಮುತ್ತಲಿನ ನೋಂದಾಯಿತ ಒಪ್ಪಂದಗಳ ಪಟ್ಟಿಯನ್ನು ಲಗತ್ತಿಸಿದ್ದಾರೆ. ಹಾಗಾದರೆ ಎರಡನೆಯದೇ ಸರಿ ಎಂದು ಸದಸ್ಯರಿಗೆ ಹೇಳಬಹುದೇ?

ಉತ್ತರ 2: ನೋಂದಾಯಿತ ಮೌಲ್ಯಮಾಪಕ, ಥಾಣೆ

ಅಂತರದ ದೊಡ್ಡ ಪಾಲು ಎಲ್ಲಿದೆ ಎಂಬುದು ಸ್ಪಷ್ಟವಾಯಿತು. ನಿಮ್ಮ ಅಂಕಿಗಳನ್ನು ಮೇಲಿನ ಲೆಕ್ಕಕ್ಕೆ ಹಾಕಿ ನೋಡಿದೆ. 30,000 ದರ, 24 ತಿಂಗಳು, ಶೇ. 46 ಹೆಚ್ಚುವರಿ ಎಂದಾಗ ಕಾಗದದ ಮೇಲೆ ಆದಾಯದ ಶೇ. 18ರ ಆಸುಪಾಸಿನ ಲಾಭ ಕಾಣುತ್ತದೆ. ಅದೇ ಶೇ. 46ನ್ನು 26,000 ದರ ಮತ್ತು 36 ತಿಂಗಳಿಗೆ ಇಟ್ಟರೆ ಲಾಭ ಶೇ. 2ನ್ನೂ ಮುಟ್ಟುವುದಿಲ್ಲ. ಶೇ. 22 ಕೊಟ್ಟರೆ ಅದೇ ಊಹೆಗಳ ಮೇಲೆ ಸುಮಾರು 6 ಕೋಟಿ, ಅಂದರೆ ಶೇ. 13 ಉಳಿಯುತ್ತದೆ.

ಯಾವ ದರ ಸರಿ ಎಂಬುದನ್ನು ನಿರ್ಧರಿಸಲು ತುಲನಾತ್ಮಕ ಮಾರಾಟ ವಿಧಾನವಿದೆ. ಮಹಾರಾಷ್ಟ್ರದ ನೋಂದಣಿ ಇಲಾಖೆಯ ಜಾಲತಾಣದಲ್ಲಿ ನೋಂದಾಯಿತ ಒಪ್ಪಂದಗಳ ಸಾರಾಂಶವಾದ ಇಂಡೆಕ್ಸ್ 2 ಸಾರ್ವಜನಿಕವಾಗಿ ಸಿಗುತ್ತದೆ. ಜಾಹೀರಾತಿನಲ್ಲಿರುವುದು ಮಾರುವವನು ಕೇಳುವ ಬೆಲೆ, ಇಂಡೆಕ್ಸ್ 2ರಲ್ಲಿರುವುದು ಕೊಂಡವನು ಒಪ್ಪಿ ಸಹಿ ಮಾಡಿದ ಬೆಲೆ. ಅದನ್ನೂ ಹಾಗೆಯೇ ಎತ್ತಿಕೊಳ್ಳುವಂತಿಲ್ಲ. ಕಟ್ಟಡದ ವಯಸ್ಸು, ಮಹಡಿ, ರೈಲು ನಿಲ್ದಾಣದಿಂದ ದೂರ, ಪಾರ್ಕಿಂಗ್, ಒಪ್ಪಂದದ ದಿನಾಂಕ, ಇವಕ್ಕೆ ತಕ್ಕಂತೆ ಸರಿಹೊಂದಿಸಬೇಕು. ಈಜುಕೊಳ, ಕ್ಲಬ್‌ಹೌಸ್ ಇರುವ ದೊಡ್ಡ ಸಂಕುಲದ ಮನೆಯ ದರವನ್ನು 1,000 ಚದರ ಮೀಟರ್ ನಿವೇಶನದ ಒಂಟಿ ಕಟ್ಟಡಕ್ಕೆ ಅನ್ವಯಿಸುವುದು ವೃತ್ತಿಯ ದೃಷ್ಟಿಯಿಂದ ಸಮರ್ಥನೀಯವಲ್ಲ, ಅದರಲ್ಲೂ ರೈಲು ಹಳಿಯ ಆಚೆಯ ಬದಿಯ ದರವನ್ನು ಈಚೆಗೆ ತಂದಾಗ. ಹೀಗೆಂದ ಮಾತ್ರಕ್ಕೆ ಎರಡನೆಯ ವರದಿಯನ್ನೂ ಪರಿಶೀಲಿಸದೆ ಒಪ್ಪಬೇಡಿ. ಹೊಸ ಕಟ್ಟಡದ ಮನೆಗಳು ಮಾರಾಟಕ್ಕೆ ಬರುವುದು ಇನ್ನೂ ಒಂದೆರಡು ವರ್ಷಗಳ ನಂತರ, ಅವರ ಪಟ್ಟಿಯಲ್ಲಿ ಹಳೆಯ ಕಟ್ಟಡಗಳ ಮರುಮಾರಾಟವೇ ಹೆಚ್ಚಿದ್ದರೆ 26,000 ಸ್ವಲ್ಪ ಕಡಿಮೆಯೂ ಆಗಿರಬಹುದು.

ಇನ್ನೊಂದು ಮುಖ್ಯ ವಿಷಯವನ್ನು ಬಿಡುವಂತಿಲ್ಲ. ರಸ್ತೆಯ ಅಗಲವನ್ನು ಪಾಲಿಕೆಯ ದಾಖಲೆಯಲ್ಲಿ ಖಚಿತಪಡಿಸಿಕೊಳ್ಳಿ, ಡಿಪಿ ರಿಮಾರ್ಕ್ಸ್ (ನಿವೇಶನ ಮತ್ತು ರಸ್ತೆಯ ಬಗ್ಗೆ ಅಭಿವೃದ್ಧಿ ಯೋಜನೆಯಲ್ಲಿರುವುದನ್ನು ತಿಳಿಸುವ ಪಾಲಿಕೆಯ ದಾಖಲೆ) ತೆಗೆಸಿ. ಅದು 12 ಮೀಟರ್‌ಗಿಂತ ಕಡಿಮೆ ಎಂದಾದರೆ ಟಿಡಿಆರ್ 0.70ರಿಂದ 0.50ಕ್ಕೆ ಇಳಿಯುತ್ತದೆ, ಫಂಜಿಬಲ್ ಸೇರಿ 270 ಚದರ ಮೀಟರ್ ಕೈತಪ್ಪುತ್ತದೆ, ಮಾರಾಟದ ಆದಾಯದಲ್ಲಿ ಸುಮಾರು 6.8 ಕೋಟಿ ಹೋಗುತ್ತದೆ. ಆಗ ಶೇ. 22 ಕೂಡ ಕಷ್ಟವಾಗಬಹುದು. ವಿಲೇಪಾರ್ಲೆ, ಸಾಂತಾಕ್ರೂಝ್, ಘಾಟ್ಕೋಪರ್ ಕಡೆಯವರು ಇದರ ಜೊತೆಗೆ ವಿಮಾನ ನಿಲ್ದಾಣದ ಎತ್ತರ ಮಿತಿಯನ್ನೂ ನೋಡಬೇಕು. ಅಲ್ಲಿ ಎಫ್‌ಎಸ್‌ಐ ಕಾಗದದಲ್ಲಿದ್ದರೂ ಎತ್ತರದಲ್ಲಿ ಬಳಸಲಾಗದೆ ಉಳಿಯುತ್ತದೆ.

ಉತ್ತರ 3: ನಿವೃತ್ತ ಬ್ಯಾಂಕ್ ಅಧಿಕಾರಿ, ಗೋರೆಗಾಂವ್

ಮೌಲ್ಯಮಾಪಕರು ದರದ ಬಗ್ಗೆ ಬರೆದಿದ್ದಾರೆ, ನಾನು ಸಮಯದ ಬಗ್ಗೆ ಬರೆಯುತ್ತೇನೆ. ನಿರ್ಮಾಣ ಸಾಲದ ಪ್ರಸ್ತಾವಗಳನ್ನು ಪರಿಶೀಲಿಸುವಾಗ ನಾವು ಲಾಭದ ಸಾಲಿಗಿಂತ ಮೊದಲು ತಿಂಗಳವಾರು ನಗದು ಹರಿವಿನ ಹಾಳೆಯನ್ನು ನೋಡುತ್ತಿದ್ದೆವು. ಅದಕ್ಕೆ ಬಲವಾದ ಕಾರಣವಿದೆ. ಮರುಅಭಿವೃದ್ಧಿಯಲ್ಲಿ ಹಣ ಹೊರಗೆ ಹೋಗುವುದು ಮೊದಲು, ಒಳಗೆ ಬರುವುದು ಬಹಳ ತಡವಾಗಿ. ಮುದ್ರಾಂಕ ಶುಲ್ಕ, ಪ್ರೀಮಿಯಂನ ಕಂತುಗಳು, ಟಿಡಿಆರ್ ಖರೀದಿ, ಸದಸ್ಯರ ಮೊದಲ ವರ್ಷದ ಬಾಡಿಗೆ, ಇವೆಲ್ಲ ಪಾಯ ತೋಡುವ ಮೊದಲೇ ಅಥವಾ ಆ ಹೊತ್ತಿಗೇ ಖರ್ಚಾಗುತ್ತವೆ. ಮಹಾರೇರಾ (ರಾಜ್ಯದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯಾಗದೆ ಒಂದು ಮನೆಯನ್ನೂ ಮಾರುವಂತಿಲ್ಲ, ಜಾಹೀರಾತನ್ನೂ ಕೊಡುವಂತಿಲ್ಲ. ಮಾರಾಟ ಶುರುವಾದ ಮೇಲೂ ಗ್ರಾಹಕರಿಂದ ಬಂದ ಹಣದ ಶೇ. 70ನ್ನು ಆ ಯೋಜನೆಯ ಪ್ರತ್ಯೇಕ ಖಾತೆಯಲ್ಲೇ ಇಟ್ಟು, ಕೆಲಸ ಮುಂದುವರಿದಂತೆ ಮಾತ್ರ ತೆಗೆಯಬೇಕು. ಬೇರೆ ಯೋಜನೆಯ ಹಣದಿಂದ ಇದನ್ನು ನಡೆಸುತ್ತೇನೆ ಎನ್ನುವ ಡೆವಲಪರ್‌ನ ಹಳೆಯ ಪದ್ಧತಿ ಈಗ ಸುಲಭವಲ್ಲ.

ಮೇಲಿನ ಲೆಕ್ಕದಲ್ಲಿ ಒಂದು ವರ್ಷ ತಡವಾದರೆ ಏನಾಗುತ್ತದೆ ಎಂದು ಹಾಕಿ ನೋಡಿದೆ. ಬಾಡಿಗೆಯೊಂದೇ 84 ಲಕ್ಷ. ಆ ಹೊತ್ತಿಗೆ ಬಾಕಿಯಿರುವ ಸಾಲ ಸರಾಸರಿ 8 ಕೋಟಿ, ಬಡ್ಡಿ ಶೇ. 14 ಎಂದಿಟ್ಟುಕೊಂಡರೆ ಇನ್ನೂ 1.1 ಕೋಟಿ. ಎರಡೂ ಸೇರಿ ಹೆಚ್ಚುಕಡಿಮೆ 2 ಕೋಟಿ, ಅಂದರೆ ಸದಸ್ಯರಿಗೆ ಕೊಡಬಹುದಾಗಿದ್ದ ಶೇ. 8ರಷ್ಟು ಜಾಗದ ಬೆಲೆ. 20 ಮನೆಗಳನ್ನು ಖಾಲಿ ಮಾಡಿಸಿ, ಕೆಡವಿ, ಅನುಮತಿ ಪಡೆದು, ಕಟ್ಟಿ, ಒಸಿ (ವಾಸಯೋಗ್ಯ ಪ್ರಮಾಣಪತ್ರ) ತೆಗೆದುಕೊಂಡು ಕೀಲಿಕೈ ಕೊಡುವುದನ್ನು 24 ತಿಂಗಳಲ್ಲಿ ಮುಗಿಸುತ್ತೇವೆ ಎಂಬ ಊಹೆಯ ಮೇಲೆ ಇಡೀ ಕೊಡುಗೆಯನ್ನು ನಿಲ್ಲಿಸುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಯಾವ ವರದಿಯನ್ನೂ ಒಂದೇ ಸ್ಥಿತಿಯ ಲೆಕ್ಕದೊಂದಿಗೆ ಸ್ವೀಕರಿಸಬೇಡಿ. ಮಾರಾಟ ದರ ಶೇ. 10 ಕುಸಿದರೆ, ನಿರ್ಮಾಣ ವೆಚ್ಚ ಶೇ. 10 ಏರಿದರೆ, ಅವಧಿ ಒಂದು ವರ್ಷ ಹಿಗ್ಗಿದರೆ ಏನಾಗುತ್ತದೆ ಎಂಬ ಕೋಷ್ಟಕವನ್ನು ಕೇಳಿ. ನಿಮ್ಮ ಪ್ರಕರಣದಲ್ಲಿ 26,000 ದರ ಶೇ. 10 ಇಳಿದರೂ ಶೇ. 22ರ ಕೊಡುಗೆಯಲ್ಲಿ ಡೆವಲಪರ್‌ಗೆ 1.7 ಕೋಟಿಯಷ್ಟು ಉಳಿಯುತ್ತದೆ, ಕೆಲಸ ಮುಗಿಯುತ್ತದೆ. ಶೇ. 46ರ ಕೊಡುಗೆಯಲ್ಲಿ ಅದೇ ಇಳಿಕೆಯಾದರೆ ಮೂರು ಕೋಟಿಗೂ ಮೀರಿದ ನಷ್ಟ. ನಷ್ಟದಲ್ಲಿರುವ ಯೋಜನೆಯಲ್ಲಿ ಮೊದಲು ನಿಲ್ಲುವುದು ಸದಸ್ಯರ ಬಾಡಿಗೆ. ಆಗ ಹಳೆಯ ಮನೆ ಕೆಡವಿಯಾಗಿರುತ್ತದೆ, ಹೊಸದು ಎದ್ದಿರುವುದಿಲ್ಲ, ಎಪ್ಪತ್ತು ದಾಟಿದ ದಂಪತಿಗಳು ತಮ್ಮ ಪಿಂಚಣಿಯಿಂದ ಬಾಡಿಗೆ ಕಟ್ಟಬೇಕಾಗುತ್ತದೆ. ಮುಂಬೈನ ಉಪನಗರಗಳಲ್ಲಿ ಅರ್ಧಕ್ಕೆ ನಿಂತ ಇಂಥ ಕಟ್ಟಡಗಳನ್ನು ಯಾರು ಬೇಕಾದರೂ ನೋಡಬಹುದು. ಸಮಿತಿಯವರ ಮೇಲೆ ಅನುಮಾನ ಪಡುವ ಸದಸ್ಯರ ಮುಂದೆ ದಯವಿಟ್ಟು ಈ ಎರಡು ಅಂಕಿಗಳನ್ನು ಇಡಿ.

ಡೆವಲಪರ್ ಇಲ್ಲದೆ ಸಂಘವೇ ಕಟ್ಟಿಸುವ ಸ್ವಯಂ ಮರುಅಭಿವೃದ್ಧಿಯ ದಾರಿಯೂ ಇದೆ. 2019ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಅದಕ್ಕೆ ರಿಯಾಯಿತಿಗಳ ಆದೇಶ ಹೊರಡಿಸಿತು, ಮುಂಬೈ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕ್ ಇಂಥ ಯೋಜನೆಗಳಿಗೆ ಸಾಲ ಕೊಡುತ್ತದೆ. ಡೆವಲಪರ್‌ನ ಲಾಭ ಸಂಘದಲ್ಲೇ ಉಳಿಯುತ್ತದೆ, ಆದರೆ ಮಾರಾಟವಾಗದ ಮನೆಗಳ ಭಾರವೂ ಸಂಘದ ಮೇಲೆಯೇ ಬೀಳುತ್ತದೆ. ಪೂರ್ಣಾವಧಿ ಸಮಯ ಕೊಡಬಲ್ಲ ನಾಲ್ಕೈದು ಸದಸ್ಯರು ನಿಮ್ಮಲ್ಲಿದ್ದರೆ ಮಾತ್ರ ಅದನ್ನು ಪರಿಗಣಿಸಿ.

ಉತ್ತರ 4: ವಕೀಲೆ, ಮಾಟುಂಗಾ

ಲೆಕ್ಕದ ಬಗ್ಗೆ ಇಬ್ಬರು ಹಿರಿಯರು ಹೇಳಿರುವುದಕ್ಕೆ ನನ್ನದೇನೂ ಸೇರ್ಪಡೆಯಿಲ್ಲ. ಕಾನೂನಿನ ಕೆಲವು ವಿಷಯಗಳು ನೇರವಾಗಿ ಆ ಲೆಕ್ಕದೊಳಗೆ ಬರುತ್ತವೆಯಾದ್ದರಿಂದ ಬರೆಯುತ್ತಿದ್ದೇನೆ.

ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯ್ದೆಯ ಕಲಂ 79ಎ ಅಡಿಯಲ್ಲಿ 2019ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಕಾರ್ಯಸಾಧ್ಯತಾ ವರದಿಯನ್ನು ತಯಾರಿಸುವ ಆರ್ಕಿಟೆಕ್ಟ್ ಅಥವಾ ಯೋಜನಾ ನಿರ್ವಹಣಾ ಸಲಹೆಗಾರರನ್ನು (ಪಿಎಂಸಿ) ಸಂಘವೇ ನೇಮಿಸಬೇಕು. ಡೆವಲಪರ್ ತಂದುಕೊಟ್ಟ ವರದಿ ಅವರ ಪ್ರಸ್ತಾವದ ಭಾಗವೇ ಹೊರತು ಸಂಘದ ವರದಿಯಲ್ಲ. ಆ ದೃಷ್ಟಿಯಿಂದ ನಿಮ್ಮ ಸಮಿತಿ ಎರಡನೆಯ ವರದಿಯನ್ನು ಮಾಡಿಸಿದ್ದು ಕರ್ತವ್ಯವೇ ಆಗಿತ್ತು, ಅದರಲ್ಲಿ ಅನುಮಾನಕ್ಕೆ ಎಡೆಯಿಲ್ಲ. ವಿಶೇಷ ಸಾಮಾನ್ಯ ಸಭೆಗೆ ಮೂರನೇ ಎರಡರಷ್ಟು ಸದಸ್ಯರ ಕೋರಂ ಬೇಕು, ಅಂದರೆ ನಿಮ್ಮಲ್ಲಿ 14 ಮಂದಿ. ನಿರ್ಣಯಕ್ಕೆ ಒಟ್ಟು ಸದಸ್ಯರ ಶೇ. 51, ಅಂದರೆ 11 ಮಂದಿಯ ಒಪ್ಪಿಗೆ ಬೇಕು. ಯೋಜನಾ ವೆಚ್ಚದ ಶೇ. 20ರಷ್ಟು ಬ್ಯಾಂಕ್ ಗ್ಯಾರಂಟಿಯನ್ನು ಡೆವಲಪರ್ ಕೊಡಬೇಕೆಂದೂ ಅದರಲ್ಲಿದೆ. ಗ್ಯಾರಂಟಿಗೂ ಖರ್ಚಿದೆ, ಆ ಖರ್ಚು ಎರಡೂ ವರದಿಗಳಲ್ಲಿ ಸೇರಿದೆಯೇ ಎಂದು ನೋಡಿ. ಅದನ್ನು ಬಿಟ್ಟುಬಿಟ್ಟಿರುವ ಲೆಕ್ಕಗಳು ನನ್ನ ಕೈಗೆ ಬಂದದ್ದುಂಟು, ಆಮೇಲೆ ಮಾತುಕತೆಯ ಕೊನೆಯಲ್ಲಿ ಗ್ಯಾರಂಟಿ ಬೇಡ ಎಂಬ ಒತ್ತಡ ಶುರುವಾಗುತ್ತದೆ.

ಸದಸ್ಯರ ಹೊಸ ಮನೆಯ ಒಪ್ಪಂದಕ್ಕೆ ಮುದ್ರಾಂಕ ಶುಲ್ಕದ ವಿಷಯದಲ್ಲಿ ಬಾಂಬೆ ಹೈಕೋರ್ಟ್ 2023ರ ಫೆಬ್ರವರಿಯಲ್ಲಿ ಕೊಟ್ಟ ತೀರ್ಪು ಸಂಘಗಳಿಗೆ ನೆಮ್ಮದಿ ತಂದಿದೆ. ಅಭಿವೃದ್ಧಿ ಒಪ್ಪಂದಕ್ಕೆ ಶುಲ್ಕ ಕಟ್ಟಿದ ಮೇಲೆ, ಹಳೆಯ ಮನೆಗೆ ಬದಲಾಗಿ ಸಿಗುವ ಹೊಸ ಮನೆಯ ಒಪ್ಪಂದಕ್ಕೆ ಮತ್ತೊಮ್ಮೆ ಪೂರ್ಣ ಶುಲ್ಕ ವಿಧಿಸುವಂತಿಲ್ಲ ಎಂದು ನ್ಯಾಯಾಲಯ ಹೇಳಿದೆ. ಸದಸ್ಯರು ಹಣ ಕೊಟ್ಟು ಹೆಚ್ಚು ಜಾಗ ಕೊಂಡರೆ ಆ ಭಾಗಕ್ಕೆ ಮಾತ್ರ ಶುಲ್ಕ ಬೀಳುತ್ತದೆ. ಹಳೆಯ ಪದ್ಧತಿಯಲ್ಲಿ ತಯಾರಾದ ಲೆಕ್ಕದಲ್ಲಿ ಈ ಸಾಲು ಉಬ್ಬಿರಬಹುದು.

ಕೊನೆಯದಾಗಿ, ಶೇ. 46 ಅಥವಾ ಶೇ. 22 ಯಾವ ಕಾರ್ಪೆಟ್ ಮೇಲೆ ಎಂಬುದನ್ನು ಬರೆಸಿಕೊಳ್ಳಿ. ರೇರಾ ವ್ಯಾಖ್ಯೆಯ ಕಾರ್ಪೆಟ್‌ನಲ್ಲಿ ಒಳಗಿನ ಗೋಡೆಗಳು ಸೇರುತ್ತವೆ, ಬಾಲ್ಕನಿ ಮತ್ತು ಹೊರಗೋಡೆಗಳು ಸೇರುವುದಿಲ್ಲ. ಹಳೆಯ ಮನೆಯನ್ನು ಗೋಡೆಯಿಂದ ಗೋಡೆಗೆ ಅಳೆದು, ಹೊಸ ಮನೆಯನ್ನು ರೇರಾ ಲೆಕ್ಕದಲ್ಲಿ ತೋರಿಸಿದರೆ ಹೆಚ್ಚುವರಿಯ ಒಂದು ಅಂಶ ಅಳತೆಯಲ್ಲೇ ಹುಟ್ಟಿಕೊಂಡಿರುತ್ತದೆ. ಎರಡನ್ನೂ ಒಂದೇ ವ್ಯಾಖ್ಯೆಯಲ್ಲಿ ಅಳೆಸಿ, ಪ್ರತಿ ಸದಸ್ಯರ ಸಹಿಯೊಂದಿಗೆ ಒಪ್ಪಂದಕ್ಕೆ ಅನುಬಂಧವಾಗಿ ಸೇರಿಸಿ.

ಉತ್ತರ 5: ಆರ್ಕಿಟೆಕ್ಟ್, ಪುಣೆ

ಪುಣೆಯ ಸಂಬಂಧಿಕರ ಉದಾಹರಣೆಗೆ ಮಾತ್ರ ಉತ್ತರಿಸುತ್ತೇನೆ. ಇಲ್ಲಿ 2020ರ ಡಿಸೆಂಬರ್‌ನಿಂದ ರಾಜ್ಯದ ಏಕೀಕೃತ ನಿಯಮಾವಳಿ ಜಾರಿಯಲ್ಲಿದೆ, ಮುಂಬೈಗೆ ಅದು ಅನ್ವಯಿಸುವುದಿಲ್ಲ. ಇಲ್ಲಿ ವಸತಿ ಕಟ್ಟಡಕ್ಕೆ ಶೇ. 60ರವರೆಗೆ ಆನ್ಸಿಲರಿ, ಅಂದರೆ ಪೂರಕ ಎಫ್‌ಎಸ್‌ಐ ಇದೆ, ಆದರೆ ಮುಂಬೈನಲ್ಲಿ ಎಫ್‌ಎಸ್‌ಐಯ ಹೊರಗಿಡುವ ಮೆಟ್ಟಿಲು, ಲಿಫ್ಟ್, ಲಾಬಿಯಂಥ ಜಾಗಗಳು ಇಲ್ಲಿ ಅದರೊಳಗೇ ಎಣಿಕೆಯಾಗುತ್ತವೆ. ಜಮೀನಿನ ದರ, ಬಾಡಿಗೆ, ಮಾರಾಟ ದರ ಎಲ್ಲವೂ ಬೇರೆ. ಪುಣೆಯ ಕೋಥ್‌ರೂಡ್‌ನ ಒಂದು ಸೊಸೈಟಿಗೆ ಸಿಕ್ಕ ಶೇಕಡಾವಾರನ್ನು ಮುಲುಂಡ್‌ನಲ್ಲಿ ಕೇಳುವುದರಿಂದ ನಿಮ್ಮ ಡೆವಲಪರ್ ಜೊತೆಗಿನ ಮಾತುಕತೆಗೆ ಯಾವ ಬಲವೂ ಬರುವುದಿಲ್ಲ. ಆ ಸದಸ್ಯರಿಗೆ ಬೇಸರವಾಗದಂತೆ ಇದನ್ನು ವಿವರಿಸಿ ಹೇಳಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ಸಮಿತಿಯ ಸಭೆಯಲ್ಲಿ ಈ ಚರ್ಚೆಯನ್ನು ಓದಿ ಹೇಳಿದೆ. ಶೇ. 1ಕ್ಕೆ 23 ಲಕ್ಷ ಎಂಬ ಲೆಕ್ಕ ಮತ್ತು ದರ ಶೇ. 10 ಇಳಿದಾಗಿನ ಎರಡು ಅಂಕಿಗಳು ಎಲ್ಲರ ಮನಸ್ಸಿಗೂ ತಟ್ಟಿದವು. ಮೂರು ತೀರ್ಮಾನಗಳಾದವು. ಡಿಪಿ ರಿಮಾರ್ಕ್ಸ್‌ಗೆ ಅರ್ಜಿ ಹಾಕುತ್ತೇವೆ. ಎರಡೂ ಸಲಹೆಗಾರರನ್ನು ಒಂದೇ ದಿನ ವಿಶೇಷ ಸಾಮಾನ್ಯ ಸಭೆಗೆ ಕರೆದು, ಒಂದೇ ಮಾರಾಟ ದರ ಮತ್ತು ಒಂದೇ ಅವಧಿಯ ಮೇಲೆ ತಮ್ಮ ಲೆಕ್ಕವನ್ನು ಮತ್ತೆ ಮಾಡಿ ತೋರಿಸಲು ಕೇಳುತ್ತೇವೆ. ಯಾವ ಡೆವಲಪರ್‌ಗೂ ಸಂಬಂಧವಿಲ್ಲದ ನೋಂದಾಯಿತ ಮೌಲ್ಯಮಾಪಕರಿಂದ ಮಾರಾಟ ದರದ ಅಧ್ಯಯನ ಮಾತ್ರ ಮಾಡಿಸುತ್ತೇವೆ, ಶುಲ್ಕವನ್ನು ಸಂಘದ ನಿಧಿಯಿಂದ ಕೊಡುತ್ತೇವೆ.

ಒಂದು ಸಂದೇಹ ಉಳಿದಿದೆ. ಸದಸ್ಯರೊಬ್ಬರು ರೆಡಿ ರೆಕನರ್ ದರವನ್ನೇ ಮಾರಾಟ ದರವೆಂದು ಹಿಡಿಯಬಾರದೇ, ಅದು ಸರ್ಕಾರವೇ ಪ್ರಕಟಿಸಿದ ಅಂಕಿಯಲ್ಲವೇ ಎಂದು ಕೇಳುತ್ತಿದ್ದಾರೆ. ನಮ್ಮ ವಿಶೇಷ ಸಭೆ ಮಾರ್ಚ್‌ನಲ್ಲಿ ನಡೆಯಲಿದೆ.

ಉತ್ತರ 6: ನೋಂದಾಯಿತ ಮೌಲ್ಯಮಾಪಕ, ಥಾಣೆ

ತೀರ್ಮಾನಗಳು ಬಹಳ ಸರಿಯಾಗಿವೆ. ರೆಡಿ ರೆಕನರ್ ಇರುವುದು ಮುದ್ರಾಂಕ ಶುಲ್ಕದ ಕನಿಷ್ಠ ಆಧಾರವಾಗಿ. ಒಂದು ಇಡೀ ವಲಯಕ್ಕೆ ಒಂದೇ ದರ ಹಾಕುವುದರಿಂದ, ಅದು ಒಂದು ನಿರ್ದಿಷ್ಟ ರಸ್ತೆಯ ಕಟ್ಟಡದ ಮಾರುಕಟ್ಟೆ ಬೆಲೆಯನ್ನು ಹೇಳಲಾರದು. ಆದಾಯದ ಕಡೆ ಅದನ್ನು ಬಳಸಬೇಡಿ.

ಖರ್ಚಿನ ಕಡೆ ಮಾತ್ರ ಅದರ ಪ್ರಭಾವ ದೊಡ್ಡದು. ಪಾಲಿಕೆ ಪ್ರೀಮಿಯಂ ಮತ್ತು ಫಂಜಿಬಲ್ ಶುಲ್ಕವನ್ನು ರೆಡಿ ರೆಕನರ್‌ನ ಜಮೀನು ದರದ ನಿಗದಿತ ಶೇಕಡಾವಾರಿನಲ್ಲಿ ಲೆಕ್ಕ ಹಾಕುತ್ತದೆ. ಹಾಗಾಗಿ ನಿಮ್ಮ ಮನೆಗಳ ಮಾರಾಟ ದರ ಒಂದು ರೂಪಾಯಿಯೂ ಏರದಿದ್ದರೂ ರೆಡಿ ರೆಕನರ್ ಏರಿದರೆ ಯೋಜನೆಯ ವೆಚ್ಚ ಏರುತ್ತದೆ. 2021ರಲ್ಲಿ ರಾಜ್ಯ ಸರ್ಕಾರ ಪ್ರೀಮಿಯಂಗಳಲ್ಲಿ ಶೇ. 50 ರಿಯಾಯಿತಿ ಕೊಟ್ಟ ಆ ಒಂದು ವರ್ಷದಲ್ಲಿ ಮುಂಬೈನ ಎಷ್ಟೋ ಯೋಜನೆಗಳು ಮುಂದಕ್ಕೆ ಚಲಿಸಿದ್ದು ಈ ಸಾಲಿನ ತೂಕದಿಂದಾಗಿಯೇ. ದರಗಳು ಪರಿಷ್ಕರಣೆಯಾಗುವುದು ಸಾಮಾನ್ಯವಾಗಿ ಏಪ್ರಿಲ್ 1ರಿಂದ. 2022ರ ನಂತರ ಬದಲಾಗದೆ ಉಳಿದಿದ್ದವು, 2025ರ ಏಪ್ರಿಲ್ 1ರಂದು ಏರಿದವು. ನಿಮ್ಮ ಸಭೆ ಮಾರ್ಚ್‌ನಲ್ಲಿ, ಪ್ರೀಮಿಯಂ ಕಟ್ಟುವುದು ಅದಾಗಿ ಬಹಳ ತಿಂಗಳುಗಳ ನಂತರ. ಆದ್ದರಿಂದ ಸಭೆಯ ಮುಂದಿಡುವ ವರದಿಯಲ್ಲಿ ಯಾವ ವರ್ಷದ ರೆಡಿ ರೆಕನರ್ ಬಳಸಲಾಗಿದೆ ಎಂದು ಬರೆಸಿ, 7.5 ಕೋಟಿಯ ಆ ಸಾಲಿನಲ್ಲಿ ರೆಡಿ ರೆಕನರ್‌ಗೆ ಕಟ್ಟುಬಿದ್ದ ಭಾಗವನ್ನು ಶೇ. 5 ಮತ್ತು ಶೇ. 10 ಏರಿಕೆಯೊಂದಿಗೂ ಲೆಕ್ಕ ಹಾಕಿಸಿ, ಟೆಂಡರ್ ಕರೆಯುವಾಗ ಆ ಏರಿಕೆಯನ್ನು ಡೆವಲಪರ್ ಭರಿಸಬೇಕೆಂಬ ಷರತ್ತನ್ನು ಸೇರಿಸಿ.